ಏಳು ಸಾಲಿನ ಆ ಪಟ್ಟಿ ತುಂಬಿದ್ದು ಹೇಗೆ?

ವಿಜ್ಞಾನದ ಪುಸ್ತಕದಲ್ಲಿ ವಿದ್ಯುತ್ಕಾಂತೀಯ ಅಲೆಗಳು ಅಂತ ಒಂದು ಪಟ್ಟಿ ಇರುತ್ತೆ. ರೇಡಿಯೋ, ಮೈಕ್ರೋವೇವ್, ಅವಕೆಂಪು, ಕಣ್ಣಿಗೆ ಕಾಣುವ ಬೆಳಕು, ಅತಿನೇರಳೆ, ಎಕ್ಸ್-ರೇ, ಗಾಮಾ. ಮಕ್ಕಳು ಇದನ್ನು ಮಗ್ಗಿ ಥರ ಉರು ಹೊಡೆಯುತ್ತಾರೆ. ಪರೀಕ್ಷೆಗೆ ಸಾಕು, ಸರಿ. ಆದರೆ ಯಾರೂ ಕೂತು ಈ ಪಟ್ಟಿಯನ್ನು ಮೇಲಿಂದ ಕೆಳಗೆ ಬರೆದದ್ದಲ್ಲ. ಒಂದೊಂದು ಸಾಲು ಒಂದೊಂದು ಊರಲ್ಲಿ, ಕೆಲವು ಸಲ ಬೇರೆ ಏನನ್ನೋ ಹುಡುಕುತ್ತಿದ್ದವರ ಕೈಗೆ ಸಿಕ್ಕಿತು. ಇವೆಲ್ಲ ಒಂದೇ ಜಾತಿಯವು ಅಂತ ಗೊತ್ತಾಗಿದ್ದು ಮಾತ್ರ ಒಂದು ಸಂಖ್ಯೆಯಿಂದ.

ಮೊದಲು 1800ಕ್ಕೆ ಹೋಗೋಣ. ಇಂಗ್ಲೆಂಡಿನಲ್ಲಿ ವಿಲಿಯಂ ಹರ್ಷೆಲ್ ಬಿಸಿಲನ್ನು ಪಟ್ಟಕದಲ್ಲಿ (ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಮೂರು ಮೂಲೆಯ ಗಾಜು) ಹಾಯಿಸಿ, ಯಾವ ಬಣ್ಣದಲ್ಲಿ ಎಷ್ಟು ಶಾಖ ಇದೆ ಅಂತ ಥರ್ಮಾಮೀಟರ್ ಇಟ್ಟು ನೋಡುತ್ತಿದ್ದ. ನೇರಳೆಯಿಂದ ಕೆಂಪಿನ ಕಡೆ ಬಂದ ಹಾಗೆ ಪಾದರಸ ಏರುತ್ತಾ ಹೋಯಿತು. ಕೆಂಪು ಮುಗಿದ ಮೇಲೆ, ಬಣ್ಣವೇ ಇಲ್ಲದ ಜಾಗದಲ್ಲಿ, ಇನ್ನೂ ಜಾಸ್ತಿ ಏರಿತು! ಅಲ್ಲಿ ಕಾಣದ ಬೆಳಕಿತ್ತು, ಅದೇ ಅವಕೆಂಪು. ಮನೆಯಲ್ಲೇ ಇದನ್ನು ನೋಡಬಹುದು. ಟಿವಿ ರಿಮೋಟಿನ ತುದಿಯನ್ನು ಮೊಬೈಲ್ ಕ್ಯಾಮೆರಾಗೆ ಹಿಡಿದು ಬಟನ್ ಒತ್ತಿ. ಕಣ್ಣಿಗೆ ಏನೂ ಕಾಣಲ್ಲ, ಸ್ಕ್ರೀನಿನಲ್ಲಿ ಪುಟ್ಟ ಬಲ್ಬ್ ಮಿನುಗುತ್ತೆ. ಹಿಂದಿನ ಕ್ಯಾಮೆರಾದಲ್ಲಿ ಬರದಿದ್ದರೆ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ. ಮರುವರ್ಷ ಜರ್ಮನಿಯ ರಿಟ್ಟರ್ ಇನ್ನೊಂದು ತುದಿ ಹಿಡಿದ. ನೇರಳೆಯ ಆಚೆ ಸಿಲ್ವರ್ ಕ್ಲೋರೈಡ್ ಇಟ್ಟರೆ ಅದು ಬೇಗ ಕಪ್ಪಾಗುತ್ತಿತ್ತು. ಅದು ಅತಿನೇರಳೆ.

ಇಲ್ಲಿಗೆ ಮೂರು ಸಾಲು ಆಯಿತು. ಆದರೆ ಬೆಳಕು ಅಂದರೇನು ಅನ್ನೋದು ಮಾತ್ರ ಗೊತ್ತಿರಲಿಲ್ಲ. ಕಣ ಅಂದವನು ನ್ಯೂಟನ್, ಅಲೆ ಅಂದವನು ಹೈಗನ್ಸ್. 1801ರ ಹೊತ್ತಿಗೆ ಥಾಮಸ್ ಯಂಗ್ ಬೆಳಕಿಗೆ ಬೆಳಕು ಸೇರಿ ಕತ್ತಲೆಯೂ ಆಗಬಲ್ಲದು ಅಂತ ತೋರಿಸಿದ. ಕಣಗಳನ್ನು ಕೂಡಿಸಿದರೆ ಸೊನ್ನೆ ಆಗಲ್ಲ, ಅಲೆಗಳಾದರೆ ಆಗುತ್ತೆ. ಸರಿ, ಅಲೆ. ಆದರೆ ಏನಿನ ಅಲೆ?

ಇದಕ್ಕೆ ಉತ್ತರ ಬಂದ ದಾರಿಯೇ ಬೇರೆ. 1820ರಲ್ಲಿ ಡೆನ್ಮಾರ್ಕಿನ ಓರ್ಸ್ಟೆಡ್, ತಂತಿಯಲ್ಲಿ ವಿದ್ಯುತ್ ಹರಿದರೆ ಪಕ್ಕದ ದಿಕ್ಸೂಚಿಯ ಮುಳ್ಳು ತಿರುಗೋದನ್ನು ಕಂಡ. 1831ರಲ್ಲಿ ಫ್ಯಾರಡೆ ಇದನ್ನು ತಿರುಗಾಮುರುಗಾ ಮಾಡಿದ. ತಂತಿಯ ಸುರುಳಿಯೊಳಗೆ ಅಯಸ್ಕಾಂತ ಆಡಿಸಿದರೆ ವಿದ್ಯುತ್ ಹುಟ್ಟುತ್ತೆ. ಬೆಳಕಿಗೂ ಇದಕ್ಕೂ ಏನು ಸಂಬಂಧ ಅಂತ ಕೇಳಿದ್ದರೆ ಆಗ ಬಹುತೇಕ ಎಲ್ಲರೂ ನಕ್ಕುಬಿಡುತ್ತಿದ್ದರೇನೋ.

ಈಗ ಆ ಸಂಖ್ಯೆಯ ವಿಷಯ. 1849ರಲ್ಲಿ ಪ್ಯಾರಿಸಿನ ಫಿಜೋ ಬೆಳಕಿನ ವೇಗ ಅಳೆದ. 720 ಹಲ್ಲಿನ ಒಂದು ಚಕ್ರ, 8,633 ಮೀಟರ್ ದೂರದಲ್ಲಿ ಒಂದು ಕನ್ನಡಿ. ಬೆಳಕು ಹಲ್ಲುಗಳ ನಡುವಿನ ಸಂದಿಯಿಂದ ಹೋಗಿ, ಕನ್ನಡಿಗೆ ಬಡಿದು ವಾಪಸ್ ಬರಬೇಕು. ಚಕ್ರ ಸೆಕೆಂಡಿಗೆ 12.6 ಸುತ್ತು ತಿರುಗಿದಾಗ ಬೆಳಕು ಮಾಯವಾಯಿತು. ಅದು ವಾಪಸ್ ಬರುವಷ್ಟರಲ್ಲಿ ಸಂದಿ ಇದ್ದ ಜಾಗಕ್ಕೆ ಹಲ್ಲು ಬಂದು ಅಡ್ಡ ನಿಂತಿತ್ತು. ಲೆಕ್ಕ ನೀವೇ ಮಾಡಿ. 720 ಹಲ್ಲು, 720 ಸಂದಿ, ಒಟ್ಟು 1,440. ಇದನ್ನು 12.6ರಿಂದ ಗುಣಿಸಿದರೆ 18,144. ಅಂದರೆ ಸೆಕೆಂಡಿನ 18,144ನೇ ಒಂದು ಭಾಗದಲ್ಲಿ ಬೆಳಕು 17,266 ಮೀಟರ್ ಓಡಿದೆ. ಸೆಕೆಂಡಿಗೆ ಸುಮಾರು 3,13,000 ಕಿಲೋಮೀಟರ್! ಇಂದಿನ ಲೆಕ್ಕ 2,99,792. ಹಲ್ಲಿನ ಚಕ್ರ ಇಟ್ಟುಕೊಂಡು ಇಷ್ಟು ಹತ್ತಿರ ಬಂದದ್ದು ಸುಮ್ನೆ ಮಾತಲ್ಲ.

1856ರಲ್ಲಿ ಜರ್ಮನಿಯ ವೇಬರ್, ಕೋಲ್‌ರಾಶ್ ಇಬ್ಬರೂ ಗಾಜಿನ ಜಾಡಿಯಲ್ಲಿ ವಿದ್ಯುತ್ ತುಂಬಿ, ಒಂದೇ ವಿದ್ಯುತ್ತನ್ನು ಎರಡು ರೀತಿಯಲ್ಲಿ ಅಳೆದರು. ಆ ಪ್ರಯೋಗದಲ್ಲಿ ದೀಪವಿಲ್ಲ, ಪಟ್ಟಕವಿಲ್ಲ, ಬೆಳಕಿನ ಸುದ್ದಿಯೇ ಇಲ್ಲ. ಸ್ಕಾಟ್ಲೆಂಡಿನ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್, ಫ್ಯಾರಡೆಯ ವಿಚಾರಗಳನ್ನು ಗಣಿತಕ್ಕೆ ಇಳಿಸಿ, ವಿದ್ಯುತ್ತು ಕಾಂತತೆ ಎರಡೂ ಒಂದನ್ನೊಂದು ಹುಟ್ಟಿಸಿಕೊಂಡು ಅಲೆಯಾಗಿ ಸಾಗಿದರೆ ವೇಗ ಎಷ್ಟಿರಬೇಕು ಅಂತ ಆ ಜಾಡಿಯ ಅಳತೆಗಳಿಂದ ಲೆಕ್ಕ ಹಾಕಿದ. ಸೆಕೆಂಡಿಗೆ 3,10,740 ಕಿಲೋಮೀಟರ್ ಬಂತು. ಫಿಜೋ ಸಂಖ್ಯೆಯನ್ನು ಪಕ್ಕದಲ್ಲಿಟ್ಟು ನೋಡಿ. ಬೆಳಕೇ ವಿದ್ಯುತ್ಕಾಂತೀಯ ಅಲೆ ಅನ್ನದೆ ಬೇರೆ ದಾರಿ ಇರಲಿಲ್ಲ. 1865ರಲ್ಲಿ ಪೂರ್ತಿ ಸಿದ್ಧಾಂತ ಅಚ್ಚಾಯಿತು. ಇಡೀ ಕಥೆಯಲ್ಲಿ ನನಗೆ ಇದಕ್ಕಿಂತ ರೋಚಕ ಜಾಗ ಇಲ್ಲ. ಆದರೆ ಪಾಠದಲ್ಲಿ ಇದೇ ಬಿಟ್ಟುಹೋಗಿರುತ್ತೆ.

ಇದರಲ್ಲೇ ಇನ್ನೊಂದು ಮಾತು ಅಡಗಿತ್ತು. ಬೆಳಕು ಇಂಥ ಅಲೆಯಾದರೆ, ಅದಕ್ಕಿಂತ ತುಂಬಾ ಉದ್ದದ (ಒಂದು ಉಬ್ಬಿನಿಂದ ಮುಂದಿನ ಉಬ್ಬಿಗೆ ಇರುವ ದೂರವೇ ಅಲೆಯ ಉದ್ದ) ಅಲೆಗಳೂ ಇರಬಹುದಲ್ವಾ? ಮ್ಯಾಕ್ಸ್‌ವೆಲ್ ಅದನ್ನು ನೋಡಲಿಲ್ಲ, 1879ರಲ್ಲಿ 48ನೇ ವಯಸ್ಸಿಗೇ ತೀರಿಕೊಂಡ. ನೋಡಿದ್ದು ಹೈನ್ರಿಚ್ ಹರ್ಟ್ಸ್, ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ, 1887-88ರ ಸುಮಾರಿಗೆ. ಒಂದು ಕಡೆ ಕಿಡಿ ಹಾರಿಸಿದ. ಒಂದಷ್ಟು ದೂರದಲ್ಲಿ, ತಂತಿಯೇ ಜೋಡಿಸದ ಬಳೆಯ ಸಣ್ಣ ಸಂದಿಯಲ್ಲೂ ಕಿಡಿ ಹಾರಿತು. ಎಷ್ಟು ಸಣ್ಣದು ಅಂದರೆ ಕೋಣೆ ಕತ್ತಲು ಮಾಡಿ ನೋಡಬೇಕು. ಗೋಡೆಗೆ ಸತುವಿನ ತಗಡು ಹೊಡೆದು ಅಲೆಗಳನ್ನು ವಾಪಸ್ ಕಳಿಸಿದ. ಡಾಂಬರಿನಂಥ ಪಿಚ್‌ನಿಂದ ಸುಮಾರು 600 ಕೆಜಿ ತೂಕದ ಪಟ್ಟಕ ಎರಕ ಹೊಯ್ದು ಅವನ್ನು ಬಾಗಿಸಿದ. ಬೆಳಕು ಮಾಡೋದನ್ನೆಲ್ಲ ಅವೂ ಮಾಡಿದವು. ಪಟ್ಟಿಯ ರೇಡಿಯೋ ಸಾಲು ಇದೇ.

ನಮ್ಮ ದೇಶದ ಹೆಸರು ಬರೋದು ಇಲ್ಲೇ. ಜಗದೀಶ್ ಚಂದ್ರ ಬೋಸ್ ಅಲೆಗಳ ಉದ್ದವನ್ನು ಕೆಲವೇ ಮಿಲಿಮೀಟರಿಗೆ ಇಳಿಸಿದರು. ಪಟ್ಟಿಯಲ್ಲಿ ಇವು ಮೈಕ್ರೋವೇವ್ ಸಾಲಿಗೆ ಸೇರುತ್ತವೆ. 1895ರಲ್ಲಿ ಕಲ್ಕತ್ತಾದ ಟೌನ್ ಹಾಲಿನಲ್ಲಿ, ಗೋಡೆಯಾಚೆಯಿಂದ ಅಲೆ ಕಳಿಸಿ ಗಂಟೆ ಬಾರಿಸಿ, ಮದ್ದು ಸಿಡಿಸಿ ತೋರಿಸಿದರು. ರೈಲ್ವೆ ವೇಳಾಪಟ್ಟಿಯ ಪುಸ್ತಕ ತಗೊಂಡು, ಹಾಳೆಗಳ ಮಧ್ಯೆ ತವರದ ತೆಳು ಹಾಳೆ ಇಟ್ಟು, ಅಲೆಗಳನ್ನು ಸೋಸುವ ಸಾಧನ ಮಾಡಿಕೊಂಡಿದ್ದರು! ಇಂದು 5ಜಿಗೆ ಅಂತ ಮಾತಾಡುವ ಮಿಲಿಮೀಟರ್ ಅಲೆಗಳು ಇದೇ ಗುಂಪಿನವು.

ಒಂದು ತಪ್ಪು ತಿಳಿವಳಿಕೆ ಇಲ್ಲೇ ಬಿಡಿಸೋಣ. ರೇಡಿಯೋ ಅಲೆ ಅಂದರೆ ಶಬ್ದ ಅಲ್ಲ. ಬೆಂಗಳೂರಿನ ಎಫ್‌ಎಂ 101.3ರಿಂದ ಹೊರಡೋದು ಸುಮಾರು 3 ಮೀಟರ್ ಉದ್ದದ, ಕಣ್ಣಿಗೆ ಕಾಣದ ಬೆಳಕು ಅನ್ನಿ. ಶಬ್ದ ಹುಟ್ಟೋದು ನಿಮ್ಮ ಸೆಟ್ಟಿನ ಸ್ಪೀಕರಿನಲ್ಲಿ. ಗೌರಿಬಿದನೂರಿನಲ್ಲೂ ಹಾಗೇ. ಅಲ್ಲಿನ ರೇಡಿಯೋ ದೂರದರ್ಶಕ ಆಕಾಶದಿಂದ ಬರುವ ಸುಮಾರು 8.7 ಮೀಟರ್ ಉದ್ದದ ಅಲೆಗಳನ್ನು ಹಿಡಿಯಲು ಕಟ್ಟಿದ್ದು. ಕನ್ನಡಿ ಇಲ್ಲ, ಕೊಳವೆ ಇಲ್ಲ, ಬಯಲಿನಲ್ಲಿ ಸಾಲು ಸಾಲು ಆಂಟೆನಾ.

ಉಳಿದವು ಎಕ್ಸ್-ರೇ, ಗಾಮಾ. ಎಕ್ಸ್-ರೇಯನ್ನು 1895ರಲ್ಲಿ ರಾಂಟ್ಗನ್ ಕಂಡುಹಿಡಿದ. ಹೆಂಡತಿಯ ಕೈಮೂಳೆಯ ಚಿತ್ರವನ್ನೂ ತೆಗೆದ. ಆದರೆ ಅದು ಅಲೆ ಅಂತ ಖಚಿತವಾಗಿದ್ದು 1912ರಲ್ಲಿ, ಜರ್ಮನಿಯ ವಿಜ್ಞಾನಿ ಲಾವೆ ಹೇಳಿದಂತೆ ಹರಳಿನ ಮೂಲಕ ಹಾಯಿಸಿ ನೋಡಿದ ಮೇಲೆ. ಗಾಮಾ 1900ರಲ್ಲಿ ಪ್ಯಾರಿಸಿನ ವಿಲಾರ್‌ಗೆ ಸಿಕ್ಕಿತು. 1914ರಲ್ಲಿ ರುದರ್‌ಫರ್ಡ್ ಮತ್ತು ಆಂಡ್ರೇಡ್ ಅದನ್ನೂ ಹರಳಿನಿಂದ ಪ್ರತಿಫಲಿಸಿ ಉದ್ದ ಅಳೆದ ಮೇಲೆ ಅದಕ್ಕೂ ಪಟ್ಟಿಯಲ್ಲಿ ಜಾಗ ಸಿಕ್ಕಿತು.