ಕೆಡದೇ ರಿಪೇರಿಗೆ ಬರುವ ಡಿಟೆಕ್ಟರ್

ಇಲ್ಲಿ ಇಂಗ್ಲೆಂಡಿನಲ್ಲಿ ಬೇಸಿಗೆ ರಜೆ ಮುಗಿದು ಸೆಪ್ಟೆಂಬರ್ ಬಂತೆಂದರೆ ನನ್ನ ರಿಪೇರಿ ಮೇಜಿನ ಮೇಲೆ ಮೆಟಲ್ ಡಿಟೆಕ್ಟರ್‌ಗಳು ಸಾಲುಗಟ್ಟುತ್ತವೆ. ಜೊತೆಗೆ ಬರುವ ಚೀಟಿಗಳಲ್ಲಿ ಹೆಚ್ಚುಕಡಿಮೆ ಒಂದೇ ದೂರು: ಹೊಲದಲ್ಲಿ ಚೆನ್ನಾಗಿತ್ತು, ಬೀಚಿಗೆ ಒಯ್ದೆವು, ಕಿರುಚಲು ಶುರು ಮಾಡಿತು. ಕೇಬಲ್ ಅಲುಗಿಸಿ ನೋಡುತ್ತೇನೆ, ಬ್ಯಾಟರಿ ಅಳೆಯುತ್ತೇನೆ, ತುದಿಯ ತಟ್ಟೆ, ಅಂದರೆ ಕಾಯಿಲ್ ಮೇಲೆ ಗೆಣ್ಣಿನಿಂದ ತಟ್ಟುತ್ತೇನೆ. ಏನೂ ಕೆಟ್ಟಿರುವುದಿಲ್ಲ. ಚೀಟಿಯ ಹಿಂಬದಿಗೆ ‘ದೋಷವಿಲ್ಲ’ ಎಂದು ಬರೆದು ವಾಪಸ್ ಕಳಿಸುತ್ತೇನೆ. ನಂಬದೆ ಇನ್ನೊಂದು ಅಂಗಡಿಗೆ ಹೋಗುವವರೂ ಇದ್ದಾರೆ.

ನಾನಿರುವ ಪೂರ್ವ ಇಂಗ್ಲೆಂಡಿನಲ್ಲಿ ಉತ್ತ ಹೊಲವೂ ಹತ್ತಿರ, ಸಮುದ್ರವೂ ಹತ್ತಿರ. ಹಾಗಾಗಿ ಒಂದೇ ಫ್ರೀಕ್ವೆನ್ಸಿಯ ‘ಸಿಂಗಲ್’ ಯಂತ್ರ ಸಾಕೋ, ಏಕಕಾಲಕ್ಕೆ ಹಲವು ಫ್ರೀಕ್ವೆನ್ಸಿ ಬಳಸುವ ‘ಮಲ್ಟಿ’ ಬೇಕೋ ಎನ್ನುವ ಜಗಳ ನನಗೆ ನಿತ್ಯದ್ದು. ಈಚೆಗೆ ದಾವಣಗೆರೆ ಕಡೆಯ ಹುಡುಗನೊಬ್ಬ ಬಂದಿದ್ದ. ಇಪ್ಸ್‌ವಿಚ್‌ನಲ್ಲಿ ಕೆಲಸ, ಶನಿವಾರ ಭಾನುವಾರ ಏನಾದರೂ ಹವ್ಯಾಸ ಬೇಕಂತೆ. “ಅಣ್ಣಾ, ಈಗಿನ ಕಾಲದಲ್ಲಿ ಸಿಂಗಲ್ ಫ್ರೀಕ್ವೆನ್ಸಿ ತಗೊಂಡ್ರೆ ನೀರಲ್ಲಿ ಹೋಮ ಮಾಡ್ದಂಗೆ ಅಂತಾರೆ, ಹೌದಾ?” ಎಂದ. “ಉಪ್ಪು ನೀರಿಗೆ ಒಯ್ದರೆ ಮಾತ್ರ ಹೌದಪ್ಪ” ಎಂದೆ. ಅವನು ನಕ್ಕ. ನಾನು ತಮಾಷೆಗೆ ಹೇಳಿರಲಿಲ್ಲ.

ಕಾಯಿಲ್‌ನ ಪ್ಲಾಸ್ಟಿಕ್ ತಟ್ಟೆಯೊಳಗೆ ತಾಮ್ರದ ತಂತಿಯ ಎರಡು ಸುರುಳಿಗಳಿರುತ್ತವೆ. ಒಂದು ನೆಲಕ್ಕೆ ಕಾಂತಕ್ಷೇತ್ರ ಕಳಿಸುತ್ತದೆ, ಇನ್ನೊಂದು ಕಿವಿಗೊಟ್ಟು ಕೂತಿರುತ್ತದೆ. ನೆಲದಲ್ಲಿ ನಾಣ್ಯವಿದ್ದರೆ ಅದರಲ್ಲಿ ಸುಳಿ ವಿದ್ಯುತ್ ಹುಟ್ಟಿ, ಸ್ವಲ್ಪ ತಡವಾಗಿ ಉತ್ತರ ಬರುತ್ತದೆ. ಆ ‘ತಡ’ ಎಷ್ಟು ಎನ್ನುವುದೇ ಫೇಸ್. ತೆಳು ಫಾಯಿಲೋ, ದಪ್ಪ ಬೆಳ್ಳಿಯೋ ಎಂದು ಪರದೆಯ ಮೇಲೆ ಬರುವ ಅಂಕಿ ಇದರಿಂದಲೇ ಹುಟ್ಟುವುದು. ಸಿಂಗಲ್ ಫ್ರೀಕ್ವೆನ್ಸಿ ಯಂತ್ರ ಈ ಪ್ರಶ್ನೆಯನ್ನು ಒಂದೇ ದನಿಯಲ್ಲಿ ಕೇಳುತ್ತದೆ. ಗ್ಯಾರೆಟ್ ಏಸ್ 250 ಕೇಳುವುದು 6.5 ಕಿಲೊಹರ್ಟ್ಸ್‌ನಲ್ಲಿ, ನೋಕ್ಟಾ ಸಿಂಪ್ಲೆಕ್ಸ್ ಪ್ಲಸ್ 12ರಲ್ಲಿ, ಗ್ಯಾರೆಟ್ ಎಟಿ ಪ್ರೊ 15ರಲ್ಲಿ.

ತೊಂದರೆ ಎಂದರೆ, ನೆಲವೂ ಉತ್ತರ ಕೊಡುತ್ತದೆ. ಮಣ್ಣಿನಲ್ಲಿರುವ ಕಬ್ಬಿಣದ ಖನಿಜ ಬಹುಮಟ್ಟಿಗೆ ತಡವಿಲ್ಲದೆ ಉತ್ತರಿಸುತ್ತದೆ. ‘ಈ ಫೇಸ್‌ನಿಂದ ಬಂದದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ’ ಎಂದು ಯಂತ್ರಕ್ಕೆ ಹೇಳುವುದೇ ಗ್ರೌಂಡ್ ಬ್ಯಾಲೆನ್ಸ್. ಹೊಲದಲ್ಲಿ ಇಷ್ಟು ಸಾಕು. ಒದ್ದೆ ಮರಳಿನಲ್ಲಿ ಉಪ್ಪು ನೀರು ತಾನೇ ವಿದ್ಯುತ್ ಹರಿಸುವ ವಸ್ತು. ಅದರ ಫೇಸ್ ಬೇರೆ, ತೆಳು ಫಾಯಿಲ್, ಸಣ್ಣ ಚಿನ್ನದ ಸರದ ಆಸುಪಾಸಿನದು. ಉಪ್ಪನ್ನು ಮರೆ ಎಂದರೆ ಯಂತ್ರ ಖನಿಜಕ್ಕೆ ಬೊಗಳುತ್ತದೆ, ಖನಿಜವನ್ನು ಮರೆ ಎಂದರೆ ಉಪ್ಪಿಗೆ. ಕಪ್ಪು ಮರಳಿದ್ದ ಕಡೆ ಎರಡೂ ಇರುತ್ತವೆ, ಕೇಳುವುದೇ ಬೇಡ. ಸಿಂಗಲ್ ಯಂತ್ರಗಳಲ್ಲಿ ಬೀಚ್ ಮೋಡ್ ಇರುತ್ತದಲ್ಲ ಎನ್ನುತ್ತಾರೆ. ಇರುತ್ತದೆ. ಉಪ್ಪಿನ ಜೊತೆಗೆ ಆ ಚಿನ್ನದ ಸರವನ್ನೂ ಅದು ಸುಮ್ಮನಾಗಿಸಿಬಿಡುತ್ತದೆ.

ಸಂತೆಯಲ್ಲಿ ತೆಂಗಿನಕಾಯಿ ಆರಿಸುವವರನ್ನು ನೋಡಿ. ಬೆರಳಿನಿಂದ ಒಮ್ಮೆ ತಟ್ಟುತ್ತಾರೆ, ಆಮೇಲೆ ಕಿವಿ ಬಳಿ ಹಿಡಿದು ಅಲುಗಿಸುತ್ತಾರೆ. ಒಂದರಿಂದ ಗೊತ್ತಾಗದ್ದು ಇನ್ನೊಂದರಿಂದ ಗೊತ್ತಾಗುತ್ತದೆ. ಮಲ್ಟಿ ಫ್ರೀಕ್ವೆನ್ಸಿ ಯಂತ್ರ ಮಾಡುವುದೂ ಅದನ್ನೇ. ಫ್ರೀಕ್ವೆನ್ಸಿ ಏರಿಸಿದಂತೆ ಉಪ್ಪು ನೀರಿನ ಉತ್ತರ ಬೆಳೆಯುತ್ತದೆ, ಖನಿಜದ್ದು ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಬೇರೆ ಬೇರೆ ಫ್ರೀಕ್ವೆನ್ಸಿಯ ಉತ್ತರಗಳನ್ನು ಹೋಲಿಸಿ ಉಪ್ಪು, ಖನಿಜ ಎರಡನ್ನೂ ಕಳೆದರೆ ಉಳಿದದ್ದು ಲೋಹ. ಇದು ಹೊಸ ಮಾಟವೇನಲ್ಲ. ಮೈನ್‌ಲ್ಯಾಬ್ ಕಂಪನಿಯ ಸಾವರಿನ್, ಫಿಶರ್‌ನವರ 5 ಮತ್ತು 15 ಕಿಲೊಹರ್ಟ್ಸ್‌ನ ಸಿಝಡ್ ಯಂತ್ರಗಳು ತೊಂಬತ್ತರ ದಶಕದಲ್ಲೇ ಸಮುದ್ರ ತೀರದವರ ಮೆಚ್ಚಿನವು. ಈಗ ಬದಲಾಗಿರುವುದು ಬೆಲೆ, ತೂಕ ಮತ್ತು ವೇಗ.

ಹೊಲಕ್ಕೆ ಬನ್ನಿ. ಇಂಗ್ಲೆಂಡಿನ ಹೊಲದಲ್ಲಿ ಜನ ಬಾಯಿಬಾಯಿ ಬಿಡುವುದು ಹ್ಯಾಮರ್ಡ್ ಕಾಯಿನ್‌ಗೆ, ಅಂದರೆ ಸುತ್ತಿಗೆಯಿಂದ ಮುದ್ರೆ ಒತ್ತಿದ ಮಧ್ಯಯುಗದ ಬೆಳ್ಳಿ ಪೆನ್ನಿಗೆ. ಇಡೀ ಪೆನ್ನಿ ತೂಗುವುದೇ ಸುಮಾರು 1.4 ಗ್ರಾಂ. 1279–80ರಲ್ಲಿ ಒಂದನೇ ಎಡ್ವರ್ಡ್ ದುಂಡನೆಯ ಕಾಲು ಪೆನ್ನಿ, ಅರ್ಧ ಪೆನ್ನಿ ತರುವವರೆಗೂ ಚಿಲ್ಲರೆ ಬೇಕೆಂದರೆ ಪೆನ್ನಿಯನ್ನೇ ಕತ್ತರಿಸುತ್ತಿದ್ದರು. ಅಂಥ ಕಾಲು ತುಂಡೊಂದು ನನ್ನ ಡ್ರಾಯರ್‌ನಲ್ಲಿದೆ, ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಅದನ್ನು ಬಿಳಿ ಕಾಗದದ ಮೇಲಿಟ್ಟು 6.5ರ ಹಳೆಯ ಯಂತ್ರವನ್ನು ಸ್ವಲ್ಪ ಮೇಲೆ ಆಡಿಸಿದೆ. ಮೌನ. 15ರ ಯಂತ್ರವನ್ನು ಅಷ್ಟೇ ಎತ್ತರದಲ್ಲಿ ಆಡಿಸಿದೆ. ಚಿಕ್ಕದಾದರೂ ಚೊಕ್ಕ ದನಿ. ಎರಡೂ ಸಿಂಗಲ್ ಯಂತ್ರಗಳೇ! ಫ್ರೀಕ್ವೆನ್ಸಿ ಏರಿದರೆ ಸಣ್ಣ, ತೆಳು ವಸ್ತು ಚೆನ್ನಾಗಿ ಕೇಳುತ್ತದೆ; ಇಳಿದರೆ ದೊಡ್ಡ ಬೆಳ್ಳಿ, ತಾಮ್ರ. ಇಲ್ಲಿನ ಹೊಲಗಳಿಗೆ 12ರಿಂದ 18ರ ನಡುವಿನ ಯಂತ್ರ ಹಿಡಿದವನು ಮಲ್ಟಿ ಹಿಡಿದವನಿಗಿಂತ ಹೆಚ್ಚು ಸಲ ಬರಿಗೈಯಲ್ಲಿ ಮನೆಗೆ ಬರುವುದಿಲ್ಲ. ಮಳೆ ಬಿದ್ದ ಮರುದಿನ ಹೋದವನೋ ಒಣ ಹೆಂಟೆಯ ಮೇಲೆ ಅಲೆದವನೋ ಎನ್ನುವುದು ಹೆಚ್ಚು ಮುಖ್ಯ.

2009ರ ಜುಲೈಯಲ್ಲಿ ಟೆರ್ರಿ ಹರ್ಬರ್ಟ್ ಸ್ಟ್ಯಾಫರ್ಡ್‌ಶೈರ್‌ನ ಹೊಲವೊಂದರಲ್ಲಿ ಆಂಗ್ಲೊ ಸ್ಯಾಕ್ಸನ್ ಕಾಲದ ಚಿನ್ನದ ರಾಶಿ ಕಂಡದ್ದು ಹಳೆಯ, ಅಗ್ಗದ ಡಿಟೆಕ್ಟರ್‌ನಿಂದ. ಅದರ ಬೆಲೆ 32.85 ಲಕ್ಷ ಪೌಂಡ್ ಎಂದು ನಿಗದಿಯಾಯಿತು. ಹಳೆ ಯಂತ್ರ ಮಾರುವವರಿಗೆ ಈ ಕತೆ ಬಾಯಿಪಾಠ. ನಿಜ ಹೇಳಬೇಕೆಂದರೆ ನೇಗಿಲು ಆ ಚಿನ್ನವನ್ನು ಮೇಲಕ್ಕೆ ತಂದು ಹರಡಿತ್ತು; ಅಂದು ಯಾವ ಯಂತ್ರ ಹಿಡಿದಿದ್ದರೂ ಕೂಗುತ್ತಿತ್ತು.

ಇನ್ನೊಂದು ಸಂಗತಿ ಅಂಗಡಿಯವರು ಅಷ್ಟಾಗಿ ಹೇಳುವುದಿಲ್ಲ. ಮಲ್ಟಿ ಯಂತ್ರ ಹಲವು ಫ್ರೀಕ್ವೆನ್ಸಿಗಳಿಗೆ ಕಿವಿ ತೆರೆದಿರುವುದರಿಂದ ಕರೆಂಟ್ ಲೈನ್, ವೈಫೈ ಪೆಟ್ಟಿಗೆ, ಕುರಿ ಬೇಲಿಯ ವಿದ್ಯುತ್ ತಂತಿ ಎಲ್ಲದರ ಗದ್ದಲವೂ ಅದರೊಳಕ್ಕೆ ನುಗ್ಗುತ್ತದೆ. ಹೈಟೆನ್ಷನ್ ಕಂಬದ ಕೆಳಗೆ ನಿಂತು ಒಂದು ಫ್ರೀಕ್ವೆನ್ಸಿಗೆ ಇಳಿಸಿದರೆ ಎಷ್ಟೋ ಸಲ ತಟ್ಟನೆ ಶಾಂತ. ಮೈನ್‌ಲ್ಯಾಬ್‌ನ ದುಬಾರಿ ಮಲ್ಟಿ ಯಂತ್ರ ಎಕ್ವಿನಾಕ್ಸ್ 800ರಲ್ಲೂ 5, 10, 15, 20, 40 ಎಂದು ಒಂಟಿ ಫ್ರೀಕ್ವೆನ್ಸಿಗಳನ್ನು ಉಳಿಸಿರುವುದು ಸುಮ್ಮನಲ್ಲ.

ಹಾಗಾದರೆ ಸಿಂಗಲ್ ಕೊಳ್ಳಬಹುದು ಎಂದಾಯಿತಲ್ಲ? ಅಷ್ಟು ಬೇಗ ಬೇಡ. ತಾಂತ್ರಿಕವಾಗಿ ಸಿಂಗಲ್ ಸೋತಿಲ್ಲ, ಅಂಗಡಿಯ ಬೆಲೆಪಟ್ಟಿಯಲ್ಲಿ ಸೋತಿದೆ. 2018ರಲ್ಲಿ ಎಕ್ವಿನಾಕ್ಸ್ ಬಂತು. ಮರುವರ್ಷವೇ ಅದೇ ಕಂಪನಿ ವ್ಯಾಂಕ್ವಿಶ್ 340 ಎಂಬ ಮಲ್ಟಿ ಯಂತ್ರವನ್ನು ಅಮೆರಿಕದಲ್ಲಿ ಸುಮಾರು 200 ಡಾಲರ್‌ಗೆ ಇಳಿಸಿತು. ಅಲ್ಲಿಂದಾಚೆ ಅದಕ್ಕಿಂತ ಹೆಚ್ಚು ಕೊಟ್ಟು ಹೊಸ ಸಿಂಗಲ್ ಕೊಳ್ಳುವವರು ನನ್ನ ಮುಂದೆ ಕಾರಣ ಹೇಳಬೇಕು. ಕಾರಣ ಇಲ್ಲದಿಲ್ಲ. ವ್ಯಾಂಕ್ವಿಶ್‌ನ ಕಾಯಿಲ್ ಮಾತ್ರ ನೀರಿಗಿಳಿಯುತ್ತದೆ, ಪರದೆಯಿರುವ ಡಬ್ಬಿ ಇಳಿಯುವುದಿಲ್ಲ. ಸಿಂಪ್ಲೆಕ್ಸ್ ಪ್ಲಸ್ ಇಡಿಯಾಗಿ 3 ಮೀಟರ್ ಮುಳುಗಬಲ್ಲದು. ಕೆರೆ, ಹೊಳೆಯ ಸಿಹಿನೀರಿನಲ್ಲಿ ಹುಡುಕುವವರಿಗೆ ಅದು ಸರಿಯಾದ ಕಾರಣ. ಇನ್ನು ಚಿನ್ನದ ಹರಳು ಹುಡುಕುವವರ ಲೋಕವೇ ಬೇರೆ. ಆಸ್ಟ್ರೇಲಿಯದಲ್ಲಿರುವ ನಮ್ಮವರು ಕೇಳುವ ಗೋಲ್ಡ್ ಮಾನ್‌ಸ್ಟರ್ 1000, ಬರೀ 45 ಕಿಲೊಹರ್ಟ್ಸ್‌ನ ಒಂಟಿ ಯಂತ್ರ. ಫಿಶರ್ ಗೋಲ್ಡ್ ಬಗ್ 2 ಅಂತೂ 71. ಅಕ್ಕಿಕಾಳಿನ ನುಚ್ಚಿನಷ್ಟು ಚಿನ್ನ ಕೇಳಿಸಿಕೊಳ್ಳಲೆಂದೇ ಕಟ್ಟಿದವು. ಅವನ್ನು ಹಳೆಯ ಕಾಲದವು ಎಂದು ತಳ್ಳಿಹಾಕುವುದು ತಪ್ಪು.

ಪೆಟ್ಟಿಗೆಯ ಮೇಲೆ ನಾಲ್ಕು ಫ್ರೀಕ್ವೆನ್ಸಿ ಎಂದಿದ್ದರೆ ಮೋಸ ಹೋಗಬೇಡಿ. 2023ರ ಎಕ್ಸ್‌ಟೆರಾ ಪ್ರೊದಲ್ಲಿ 5, 8, 10, 15 ಇವೆ, ಆದರೆ ಒಂದು ಸಲಕ್ಕೆ ಒಂದೇ. ಒಳ್ಳೆಯ ಯಂತ್ರವೇ, ಒಂದು ಸಲಕ್ಕೆ ಒಂದೇ ಎಂದು ತಯಾರಕರೂ ಹೇಳುತ್ತಾರೆ. ಕೊಳ್ಳುವವರು ಓದದೆ ಬೀಚಿಗೆ ಒಯ್ಯುತ್ತಾರೆ, ಸೆಪ್ಟೆಂಬರ್‌ನಲ್ಲಿ ನನ್ನ ಮೇಜಿಗೆ ಬರುತ್ತಾರೆ. ‘ಏಕಕಾಲಕ್ಕೆ’ ಎಂಬ ಪದ ಇದೆಯೋ ಇಲ್ಲವೋ ಹುಡುಕಿ.

ಹೊಲಕ್ಕೆ ಹೋಗುವವರಿಗೆ ನಾನು ಹೇಳುವುದು ಸೆಕೆಂಡ್ ಹ್ಯಾಂಡ್ ಸಿಂಗಲ್. ಆ ಹುಡುಗನಿಗೂ ಅದನ್ನೇ ಹೇಳಿದೆ. ಉಳಿದ ದುಡ್ಡಿಗೆ ಒಂದು ಚಿಕ್ಕ ಕಾಯಿಲ್, ಅಗೆದ ಗುಂಡಿಯೊಳಗೆ ಹುಡುಕುವ ಪುಟ್ಟ ಪಿನ್‌ಪಾಯಿಂಟರ್, ಬಾಗದ ಸಲಿಕೆ. ಮೊಳೆಗಳು ತುಂಬಿದ ಹಳೆ ಮನೆ ನಿವೇಶನದಲ್ಲಿ ಚಿಕ್ಕ ಕಾಯಿಲ್ ಮಾಡುವ ಉಪಕಾರವನ್ನು ಇನ್ನೊಂದು ಫ್ರೀಕ್ವೆನ್ಸಿ ಮಾಡಲಾರದು. ನೋಡಿ ಕೊಳ್ಳುವಾಗ ಬ್ಯಾಟರಿ ಪೆಟ್ಟಿಗೆಯ ಸ್ಪ್ರಿಂಗ್ ಮೇಲೆ ಹಸಿರು ಕಿಲುಬಿದೆಯೇ ನೋಡಬೇಕು. ಕೇಬಲ್ ಕಾಯಿಲ್‌ಗೆ ಹೊಕ್ಕುವ ಜಾಗದಲ್ಲಿ ಮೆಲ್ಲಗೆ ಬಾಗಿಸಬೇಕು. ಕಿರ್ರೆಂದರೆ ಒಳಗೆ ಎಳೆ ಕಡಿದಿದೆ. ಸೀರಿಯಲ್ ನಂಬರ್ ತಯಾರಕರಿಗೆ ಕಳಿಸಿ ಕೇಳಬೇಕು, ಹೆಸರಾಂತ ಬ್ರ್ಯಾಂಡ್‌ಗಳ ನಕಲಿಗಳು ಸಾಕಷ್ಟು ಓಡಾಡುತ್ತಿವೆ.

“ಊರಿಗೆ ಹೋಗೋವಾಗ ತಗೊಂಡು ಹೋಗ್ಲಾ? ಅಜ್ಜಿ ಹೊಲದ ಪಕ್ಕ ಹಳೇ ಕೋಟೆ ಇದೆ” ಎಂದ. ಬೇಡವೇ ಬೇಡ ಎಂದೆ. ನಮ್ಮ ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆ ಇದೆ: ನಿಧಿ ಸಿಕ್ಕಿದರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಸಂರಕ್ಷಿತ ಸ್ಮಾರಕದ ಬಳಿ ಅಗೆದರೆ ನೇರ ಪೊಲೀಸ್ ಕೇಸು. ದೇವಸ್ಥಾನದ ಗರ್ಭಗುಡಿ ಅಗೆಯುವ ನಿಧಿಗಳ್ಳರಿಂದ ನಮ್ಮೂರಿನವರು ಬೇಸತ್ತಿದ್ದಾರೆ. ಕೋಟೆಯ ಬಳಿ ಡಿಟೆಕ್ಟರ್ ಹಿಡಿದವನನ್ನು ಯಾರೂ ಹವ್ಯಾಸಿ ಎಂದುಕೊಳ್ಳುವುದಿಲ್ಲ. ಇಂಗ್ಲೆಂಡಿನಲ್ಲೂ ಜಮೀನಿನವರ ಅನುಮತಿ ಬೇಕು, ನಿಧಿ ಎನ್ನಿಸಿದ್ದು ಸಿಕ್ಕರೆ 1996ರ ಕಾಯ್ದೆಯಂತೆ 14 ದಿನದೊಳಗೆ ಕರೋನರ್ ಎಂಬ ಸ್ಥಳೀಯ ವಿಚಾರಣಾಧಿಕಾರಿಗೆ ತಿಳಿಸಬೇಕು.

ಹೊರಡುವಾಗ ಯಂತ್ರ ಪರೀಕ್ಷಿಸಲು ಜೇಬಿನಿಂದ ಒಂದು ಪೆನ್ನಿ ತೆಗೆದು ತೋರಿಸಿದ, “ಇದು ಸಾಕಲ್ವಾ ಅಣ್ಣಾ?” ಅಯಸ್ಕಾಂತ ಹಿಡಿದೆ, ಟಕ್ಕೆಂದು ಅಂಟಿತು. 1992ರಿಂದೀಚಿನ ಪೆನ್ನಿ ತಾಮ್ರದ ಲೇಪದ ಉಕ್ಕು. ಅದಕ್ಕೆ ಬರುವ ಅಂಕಿ ನಂಬುವಂತಿಲ್ಲ. ಡ್ರಾಯರ್‌ನಲ್ಲಿದ್ದ 1988ರ ಕಂಚಿನ ಪೆನ್ನಿ ಕೊಟ್ಟು ಕಳಿಸಿದೆ. ಮೂರು ವಾರವಾಯಿತು, ಇನ್ನೂ ವಾಪಸ್ ತಂದಿಲ್ಲ.