ತಪ್ಪು ಅವಳದಲ್ಲ, ಪಾಠದ್ದು

ರಾತ್ರಿ ಹತ್ತೂವರೆಗೆ ಫೋನಿಗೆ ಒಂದು ಫೋಟೊ ಬಂತು. ಲ್ಯಾಪ್‌ಟಾಪ್ ಪರದೆಯನ್ನು ಸ್ವಲ್ಪ ವಾರೆಯಾಗಿ ಹಿಡಿದು ತೆಗೆದದ್ದು. ಪರದೆ ತುಂಬ ಕೆಂಪು ಅಕ್ಷರ. ಕೆಳಗೆ ಒಂದು ಸಾಲು: ‘ಸರ್, ನಾಲ್ಕು ಸಲ ಬರೆದೆ. ನಾನು ಎಲ್ಲಿ ತಪ್ಪಿದೆ?’

ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ ನಾವು ಕೆಲವರು ಸೇರಿ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಕನ್ನಡದಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುತ್ತೇವೆ. ಮನೆಯಲ್ಲಿ ತುಳುವೋ ಕನ್ನಡವೋ, ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಮರಾಠಿ, ಹಿಂದಿ ಆಡುವ ಮಕ್ಕಳು ಇವರು. ಮುಂಬಯಿಯಲ್ಲಿ ಕನ್ನಡ ರಾತ್ರಿಶಾಲೆಗಳ ದೊಡ್ಡ ಪರಂಪರೆಯೇ ಇತ್ತು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಫೋರ್ಟ್ ಕಡೆಯ ಶಾಲೆಗಳಲ್ಲಿ ಅಕ್ಷರ ಕಲಿತವರ ಮೊಮ್ಮಕ್ಕಳೂ ನಮ್ಮ ತರಗತಿಯಲ್ಲಿದ್ದಾರೆ. ಪಾಠ ಬರೆಯಲು ಕೂತಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಫೋಟೊ ಕಳಿಸಿದ ಹುಡುಗಿ ಮಾಡುತ್ತಿದ್ದದ್ದು ಮಳೆಯ ಪಾಠ. ಅಭ್ಯಾಸಕ್ಕೆಂದು ಐದು ದಿನದ ಮಳೆ ಕೊಟ್ಟಿದ್ದೇವೆ: 20, 35, 15, 40, 30 ಮಿಲಿಮೀಟರ್. ಸರಾಸರಿ 28. ಇದಕ್ಕೆ 2005ರ ಜುಲೈ 26ರ ಸಾಂತಾಕ್ರೂಜ್ ಮಳೆಯನ್ನು ಒಂದು ಸಾಲಾಗಿ ಸೇರಿಸಬೇಕು. ಅವತ್ತು 24 ಗಂಟೆಯಲ್ಲಿ 944 ಮಿ.ಮೀ. ಸುರಿದಿತ್ತು. ಸೇರಿಸಿದ ಕೂಡಲೇ ಸರಾಸರಿ 180 ದಾಟುತ್ತದೆ. ಆದರೆ ಸಂಖ್ಯೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿ ನಡುವಿನದನ್ನು (ನಡುವೆ ಎರಡಿದ್ದರೆ ಅವುಗಳ ಸರಾಸರಿಯನ್ನು) ಹಿಡಿದರೆ, 30 ಇದ್ದದ್ದು 32.5 ಆಗುತ್ತದೆ, ಅಷ್ಟೇ. ಒಂದೇ ಒಂದು ಭಯಂಕರ ದಿನ ಸರಾಸರಿಯನ್ನು ಎಲ್ಲಿಂದ ಎಲ್ಲಿಗೆ ಎಳೆದೊಯ್ಯುತ್ತದೆ ಅಂತ ಮಕ್ಕಳೇ ಕಂಡುಕೊಳ್ಳಲಿ ಎಂದು ಮಾಡಿದ ಪಾಠ ಅದು.

ಸಾಲು ಸೇರಿಸಲು ನಾವು ಬಳಸಿದ್ದು ಪಾಂಡಾಸ್ ಎಂಬ ಲೈಬ್ರರಿಯ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಕಟ್ಟಿನ, ‘ಅಪೆಂಡ್’ ಎಂಬ ಆಜ್ಞೆ. ಆ ಲೈಬ್ರರಿ ಮಾಡುವವರು 2022ರಲ್ಲೇ ‘ಇದನ್ನು ತೆಗೆಯುತ್ತೇವೆ’ ಎಂದು ಎಚ್ಚರಿಸಿದ್ದರು. 2023ರ ಏಪ್ರಿಲ್‌ನಲ್ಲಿ 2.0 ಆವೃತ್ತಿ ಬಂದಾಗ ತೆಗೆದೇಬಿಟ್ಟರು. ಅವರ ಕಾರಣ ಸರಿಯಾಗಿಯೇ ಇತ್ತು. ಒಂದೊಂದು ಸಾಲು ಸೇರಿಸುವಾಗಲೂ ಅದು ಇಡೀ ಕೋಷ್ಟಕವನ್ನು ಹೊಸದಾಗಿ ನಕಲು ಮಾಡುತ್ತಿತ್ತು. ಹುಡುಗಿ ಹೊಸ ಪಾಂಡಾಸ್ ಹಾಕಿಕೊಂಡಿದ್ದಳು. ನಮ್ಮ ಪಾಠ ಮಾತ್ರ ಹಳೆಯದರಲ್ಲೇ ನಿಂತಿತ್ತು.

ನನ್ನನ್ನು ಕೊರೆದದ್ದು ಆ ಎರರ್ ಅಲ್ಲ, ‘ನಾಲ್ಕು ಸಲ ಬರೆದೆ’ ಎಂಬ ಮಾತು. ಹತ್ತು ವರ್ಷ ಕೋಡ್ ಬರೆದವರಿಗೆ ಕೆಂಪು ಅಕ್ಷರ ಕಂಡರೆ ‘ಆವೃತ್ತಿ ಬದಲಾಗಿರಬೇಕು’ ಅನ್ನಿಸುತ್ತದೆ. ಹೊಸಬರಿಗೆ ಹಾಗಲ್ಲ. ಪುಸ್ತಕ ಸರಿ, ಮೇಷ್ಟ್ರು ಸರಿ, ತಪ್ಪಿದ್ದರೆ ಅದು ನನ್ನದೇ ಅಂತ ಅವರು ತಿಳಿಯುತ್ತಾರೆ. ಓಡದ ಕೋಡ್ ಇರುವ ಪಾಠ ಮಕ್ಕಳ ಧೈರ್ಯವನ್ನು ಸುಮ್ನೆ ತಿಂದುಹಾಕುತ್ತದೆ, ಯಾರಿಗೂ ಗೊತ್ತಾಗದ ಹಾಗೆ.

ಇದಕ್ಕೆ ಮದ್ದು ಇದೆ. ಪಾಠವನ್ನು ಕೈಯಿಂದ ಪುಟ ಮಾಡಬಾರದು, ಒಂದು ಟೂಲಿನ ಕೈಲಿ ಕಟ್ಟಿಸಬೇಕು. ನಾವು ಒಂದೇ ಫೈಲಿನಲ್ಲಿ ವಿವರಣೆ ಮತ್ತು ಕೋಡ್ ಎರಡನ್ನೂ ಬರೆಯುತ್ತೇವೆ. ಟೂಲ್ ಆ ಫೈಲನ್ನು ಮೇಲಿಂದ ಕೆಳಕ್ಕೆ ಓದಿ, ಕೋಡಿನ ತುಂಡುಗಳನ್ನು ಆರಿಸಿ, ಒಂದಾದ ಮೇಲೊಂದು ನಿಜವಾಗಿ ಓಡಿಸುತ್ತದೆ. ಬಂದ ಉತ್ತರವನ್ನು ಅದೇ ಜಾಗದಲ್ಲಿ ಕೂರಿಸಿ ಪುಟ ಮಾಡುತ್ತದೆ. ಒಂದು ತುಂಡು ಎಡವಿದರೂ ಪುಟ ಹೊರಗೆ ಬರುವುದಿಲ್ಲ. ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ಸಾಂಬಾರಿನ ರುಚಿ ನೋಡದೆ ಬೆಳಿಗ್ಗೆ ಶಟರ್ ಎತ್ತುವುದಿಲ್ಲ ಅಲ್ವಾ, ಹಾಗೆ.

ಈ ಯೋಚನೆ ಹಳೆಯದು. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನುತ್ 1984ರಲ್ಲಿ ಇದರ ಬಗ್ಗೆ ಬರೆದರು. ಪ್ರೋಗ್ರಾಂ ಅನ್ನು ಮನುಷ್ಯರು ಓದುವ ಹಾಗೆ ಬರೆಯಬೇಕು ಎನ್ನುವುದು ಅವರ ವಾದ. ಅವರ ವ್ಯವಸ್ಥೆಯಲ್ಲಿ ಎರಡು ಪ್ರೋಗ್ರಾಂಗಳಿದ್ದವು. ಒಂದರ ಹೆಸರು ‘ವೀವ್’, ಅಂದರೆ ನೇಯುವುದು. ಅದು ಓದುವವರಿಗೆ ಬೇಕಾದ ಪುಟ ನೇಯುತ್ತಿತ್ತು. ಇನ್ನೊಂದು ‘ಟ್ಯಾಂಗಲ್’, ಅಂದರೆ ಸಿಕ್ಕು ಮಾಡುವುದು. ಅದು ಯಂತ್ರಕ್ಕೆ ಬೇಕಾದ ಕೋಡ್ ತೆಗೆದುಕೊಡುತ್ತಿತ್ತು. ನಮ್ಮ ಕಣ್ಣಿಗೆ ಸಿಕ್ಕಾಗಿ ಕಾಣುವುದೇ ಯಂತ್ರಕ್ಕೆ ಸಲೀಸು! ಪೈಥಾನ್‌ಗೆ 2001ರಲ್ಲಿ ಟಿಮ್ ಪೀಟರ್ಸ್ ಅವರ ‘ಡಾಕ್‌ಟೆಸ್ಟ್’ ಸೇರಿತು. ವಿವರಣೆಯೊಳಗೆ ಬರೆದ ಉದಾಹರಣೆಯನ್ನು ಅದು ಮತ್ತೆ ಓಡಿಸಿ, ಬಂದ ಉತ್ತರವನ್ನು ಬರೆದಿಟ್ಟ ಉತ್ತರದ ಜೊತೆ ಅಕ್ಷರ ಅಕ್ಷರ ಹೋಲಿಸುತ್ತದೆ. ಅದೇ ವರ್ಷ ಫರ್ನಾಂಡೊ ಪೆರೆಜ್ ಶುರುಮಾಡಿದ, ಕೋಡ್ ಬರೆದ ಹಾಗೇ ಓಡಿಸಿ ನೋಡಬಹುದಾದ ಐಪೈಥಾನ್ ಬೆಳೆದು 2014ರಲ್ಲಿ ಜುಪಿಟರ್ ಆಯಿತು. ಕೋಡ್, ಉತ್ತರ, ಚಿತ್ರ, ಮಾತು ಎಲ್ಲ ಒಂದೇ ಕಡೆ ಇರುವ ನೋಟ್‌ಬುಕ್ ಇಂದು ಪೈಥಾನ್ ಕಲಿಯುವ ಬಹಳ ಮಂದಿಗೆ ಗೊತ್ತು.

ನೋಟ್‌ಬುಕ್ ಇದ್ದರೆ ಸಾಕು ಎಂದುಕೊಂಡರೆ ಕಷ್ಟ. ಬ್ರೆಜಿಲ್ ಮತ್ತು ಅಮೆರಿಕದ ಸಂಶೋಧಕರು 2019ರಲ್ಲಿ ಕೋಡ್ ಹಂಚಿಕೊಳ್ಳುವ ಜಾಲತಾಣ ಗಿಟ್‌ಹಬ್‌ನಿಂದ ಸುಮಾರು 14 ಲಕ್ಷ ನೋಟ್‌ಬುಕ್ ಸೇರಿಸಿ ಪರೀಕ್ಷಿಸಿದರು. ಓಡಿಸಲು ನೋಡಿದವುಗಳಲ್ಲಿ ಎರರ್ ಇಲ್ಲದೆ ಓಡಿದ್ದು ಸುಮಾರು 24 ಶೇಕಡ. ಮೊದಲಿನ ಉತ್ತರವನ್ನೇ ಮತ್ತೆ ಕೊಟ್ಟದ್ದು ಸುಮಾರು 4 ಶೇಕಡ! ಬೇಕಾದ ಲೈಬ್ರರಿ ಇಲ್ಲದ್ದು ಒಂದು ಕಾರಣ. ಇನ್ನೊಂದು ಕಾರಣ ನೋಟ್‌ಬುಕ್‌ನ ಸ್ವಭಾವದಲ್ಲೇ ಇದೆ. ಅಲ್ಲಿ ಕೋಡಿನ ತುಂಡುಗಳನ್ನು ಯಾವ ಕ್ರಮದಲ್ಲಾದರೂ ಓಡಿಸಬಹುದು. ಮೂರನೆಯದನ್ನು ಓಡಿಸಿ, ಮೊದಲನೆಯದನ್ನು ಅಳಿಸಿದರೂ ಅದರ ಬೆಲೆ ನೆನಪಿನಲ್ಲಿ ಉಳಿದಿರುತ್ತದೆ. ನಿನ್ನೆಯ ಲೆಕ್ಕ ಅಳಿಸದ ಕರಿಹಲಗೆಯ ಮೇಲೆ ಇವತ್ತಿನ ಪಾಠ ಮಾಡಿದ ಹಾಗೆ. ಬರೆದವರ ಯಂತ್ರದಲ್ಲಿ ಓಡುತ್ತದೆ, ಮಕ್ಕಳ ಯಂತ್ರದಲ್ಲಿ ಓಡುವುದಿಲ್ಲ. ಅದಕ್ಕೇ ನಮ್ಮ ಟೂಲ್ ಪ್ರತಿ ಸಲವೂ ಹಲಗೆ ಪೂರ್ತಿ ಒರೆಸಿ ಶುರುಮಾಡುತ್ತದೆ.

ಹಾಗಾದರೆ ಮಳೆಯ ಪಾಠ ಹೇಗೆ ಕೆಟ್ಟಿತು? ತಪ್ಪು ನಮ್ಮದೇ. ಟೂಲನ್ನೂ ಲೈಬ್ರರಿಗಳನ್ನೂ ಹಳೆಯ ಆವೃತ್ತಿಗೆ ಕಟ್ಟಿಹಾಕಿದ್ದೆವು. ಪುಟ ಪ್ರತಿ ವಾರ ತಯಾರಾಗುತ್ತಿತ್ತು, ಎಲ್ಲ ಹಸಿರು, ಅಂದರೆ ಎರರ್ ಇಲ್ಲ. ಹಾಗೆ ಕಟ್ಟಿಹಾಕುವುದು ತಪ್ಪೇನಲ್ಲ, ಬೇಕಾದದ್ದೇ. ಆದರೆ ಆಗಾಗ ಬಿಚ್ಚಿ ಹೊಸದಕ್ಕೆ ಕಟ್ಟಬೇಕು. ವರ್ಷಗಟ್ಟಲೆ ಅದನ್ನು ಮಾಡಿರಲಿಲ್ಲ. ಆ ಫೋಟೊ ಬಂದ ಮೇಲೆ ಕೂತು ಮಾಡಿದೆವು.

ಹಳೆಯದನ್ನು ಹಾಗೇ ಇಟ್ಟು, ಪಕ್ಕದಲ್ಲಿ ಹೊಸ ಪೈಥಾನ್, ಹೊಸ ಲೈಬ್ರರಿ ಹಾಕಿದೆವು. ಎಲ್ಲ ಪಾಠಗಳನ್ನೂ ಎರಡು ಕಡೆ ಓಡಿಸಿ ಉತ್ತರಗಳನ್ನು ಹೋಲಿಸಿದೆವು. ‘ಅಪೆಂಡ್’ ತರಹದ್ದು ಸುಲಭ. ಅದು ಎರರ್ ಕೊಟ್ಟು ಕೂಗಿ ಹೇಳುತ್ತದೆ, ಅದರ ಬದಲು ‘ಕಾನ್‌ಕ್ಯಾಟ್’ ಹಾಕಿದರೆ ಮುಗಿಯಿತು. ತಲೆ ಕೆಡಿಸಿದ್ದು ಬೇರೆಯವು.

ಲೋಕಲ್ ರೈಲಿನ ಪಾಠ ನೋಡಿ. ಡೊಂಬಿವಲಿಯಿಂದ ದಾದರಿಗೆ ಐದು ದಿನ ಹಿಡಿದ ನಿಮಿಷ: 52, 55, 58, 53, 57. ಲೆಕ್ಕ ಮಾಡುವ ನಂಪೈ ಲೈಬ್ರರಿಯಿಂದ ಸರಾಸರಿ ಕೇಳಿದರೆ ಮೊದಲು ‘55.0’ ಎಂದು ತೋರಿಸುತ್ತಿತ್ತು. 2024ರ ಜೂನ್‌ನಲ್ಲಿ ಬಂದ ನಂಪೈ 2.0 ಅದನ್ನೇ ‘ಎನ್‌ಪಿ ಡಾಟ್ ಫ್ಲೋಟ್64’ ಎಂದು ಬರೆದು, ಆವರಣದೊಳಗೆ 55.0 ಇಟ್ಟು ತೋರಿಸುತ್ತದೆ. ಬೆಲೆ ಅದೇ, ವೇಷ ಬೇರೆ. ಈ ಸಂಖ್ಯೆ ಪೈಥಾನ್‌ನ ಸಾದಾ ಸಂಖ್ಯೆಯಲ್ಲ, ನಂಪೈಯದು ಎಂದು ಅದು ಪ್ರಾಮಾಣಿಕವಾಗಿ ಹೇಳುತ್ತಿದೆ. ತಿಳಿದವರಿಗೆ ಅದು ಉಪಕಾರ. ಎರಡನೇ ವಾರದ ಹುಡುಗನಿಗೆ ಮಾತ್ರ ಅದು ಗಾಬರಿ. ಉತ್ತರವನ್ನು ‘ಪ್ರಿಂಟ್’ ಮೂಲಕ ತೋರಿಸಿದರೆ ಬರೀ 55.0 ಬರುತ್ತದೆ. ಹಾಗೆ ತಿದ್ದಿದೆವು. ಹೊಸ ರೂಪದ ಬಗ್ಗೆ ಎರಡು ಸಾಲನ್ನು ಮುಂದಿನ ಪಾಠದಲ್ಲಿ ಸೇರಿಸಿದೆವು.

ಎಲ್ಲಕ್ಕಿಂತ ಅಪಾಯ ಎರರ್ ಇಲ್ಲದೆ ಉತ್ತರವೇ ಬದಲಾಗುವುದು. ಪೈಥಾನ್ 2ರಲ್ಲಿ 7ನ್ನು 2ರಿಂದ ಭಾಗಿಸಿದರೆ 3 ಬರುತ್ತಿತ್ತು. ಪೈಥಾನ್ 3ರಲ್ಲಿ 3.5. ಕೋಡ್ ಒಂದಕ್ಷರ ಬದಲಾಗಿಲ್ಲ, ಕೆಂಪು ಬಣ್ಣವೂ ಇಲ್ಲ. ಹಳೆಯ ಉತ್ತರವನ್ನು ಎಲ್ಲೂ ಬರೆದಿಡದಿದ್ದರೆ ಇದನ್ನು ಯಾವ ಟೂಲೂ ಹಿಡಿಯಲಾರದು. ಬರೀ ಓಡಿತೋ ಇಲ್ಲವೋ ಎಂದು ನೋಡುವ ಟೂಲ್ ಅರ್ಧ ಕೆಲಸ ಮಾಡಿದಂತೆ ಎಂದು ನಾನು ಹೇಳುವುದು ಇದಕ್ಕೇ. ನಮ್ಮದರಲ್ಲೂ ಹೋಲಿಕೆ ಇರಲಿಲ್ಲ, ಈ ಸಲ ಸೇರಿಸಿದೆವು. ಉತ್ತರ ಬದಲಾದರೆ ಈಗ ಟೂಲ್ ಹಳೆಯದು ಹೊಸದು ಎರಡನ್ನೂ ಅಕ್ಕಪಕ್ಕ ಇಟ್ಟು ನಿಲ್ಲುತ್ತದೆ. ನಮ್ಮಲ್ಲಿ ಒಬ್ಬರು ನೋಡಿ ಒಪ್ಪಬೇಕು. ದಾಳದ ಪಾಠದಲ್ಲಿ ಮಾತ್ರ ಹೋಲಿಕೆ ಬಿಟ್ಟಿದ್ದೇವೆ. ದಾಳ ಪ್ರತಿ ಸಲ ಬೇರೆ ಬೀಳುವುದೇ ಅಲ್ಲಿನ ಪಾಠ.

ಲ್ಯಾಪ್‌ಟಾಪ್ ಇಲ್ಲದ ಮಕ್ಕಳಿಗೆ ಬ್ರೌಸರಿನಲ್ಲೇ ಓಡುವ ಪುಟಗಳನ್ನೂ ಕಟ್ಟುತ್ತೇವೆ. ಪೈಥಾನನ್ನು ವೆಬ್‌ಅಸೆಂಬ್ಲಿಗೆ, ಅಂದರೆ ಬ್ರೌಸರ್ ಓಡಿಸಬಲ್ಲ ಕೋಡಿನ ರೂಪಕ್ಕೆ, ಒಗ್ಗಿಸಿದ ಪಯೋಡೈಡ್ ಇದನ್ನು ಸಾಧ್ಯ ಮಾಡಿದೆ. ಅಮ್ಮನ ಫೋನಿನಲ್ಲಿ, ಏನೂ ಇನ್‌ಸ್ಟಾಲ್ ಮಾಡದೆ, ಕೋಡ್ ಓಡುತ್ತದೆ. ಇದರಲ್ಲಿ ಇನ್ನೊಂದು ಅನುಕೂಲ ಇದೆ. ಲೈಬ್ರರಿಗಳ ಆವೃತ್ತಿ ಪಯೋಡೈಡ್ ಜೊತೆಗೇ ಬರುವುದರಿಂದ ನಾವು ಪರೀಕ್ಷಿಸಿದ್ದೇ ಮಗುವಿನ ಕೈಗೆ ಸಿಗುತ್ತದೆ.

ಮುಂಬಯಿಯ ಪೊವಾಯಿಯಲ್ಲಿ, ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಸಾಫ್ಟ್‌ವೇರ್ ಪಾಠಗಳನ್ನು ಮಾಡಿದೆ. ವಿಡಿಯೊ ನೋಡುತ್ತ ನೋಡುತ್ತಲೇ ಪಕ್ಕದಲ್ಲಿ ತಾನೂ ಮಾಡಬೇಕು ಎಂಬುದು ಅಲ್ಲಿನ ಕ್ರಮ. ಪಾಠ ಅಂದರೆ ಮಾಡಿ ನೋಡುವುದು ಎಂಬುದನ್ನು ನಾನು ಆ ವಿಡಿಯೊಗಳಿಂದ ಕಲಿತೆ.

ಅಪ್‌ಡೇಟ್ ಮುಗಿದ ಭಾನುವಾರ ಎಲ್ಲ ಪಾಠ ಹಸಿರಾಗಿತ್ತು. ಹುಡುಗಿ ಮಳೆಯ ಪಾಠವನ್ನು ಅಮ್ಮನ ಫೋನಿನಲ್ಲಿ ತೆರೆದಳು. ಸಾಲು ಸೇರಿತು, 32.5 ಬಂತು, ಕೊನೆಗೆ ಗ್ರಾಫ್ ಮೂಡಿತು. ಕರೆದೊಯ್ಯಲು ಬಂದಿದ್ದ ಅವಳ ಅಮ್ಮ ಬಗ್ಗಿ ನೋಡಿ ಕೇಳಿದರು: ‘ಇದೆಂತ ಮಾಷ್ಟ್ರೇ, ಸಾಂತಾಕ್ರೂಜ್ ತುಂಡಾಗಿದೆಯಲ್ಲ?’

ಹೌದು, ಗ್ರಾಫಿನ ತಲೆಬರಹದಲ್ಲಿ ‘ಕ್ರೂ’ ಒಡೆದುಹೋಗಿತ್ತು. ‘ಕ’ ಒಂದು ಕಡೆ, ಒತ್ತು ಕೂರದೆ ‘ರ’ ಇನ್ನೊಂದು ಕಡೆ. ಕಂಪ್ಯೂಟರಿಗೆ ‘ಕನ್ನಡ’ ಅಂದರೆ ಮೂರಕ್ಷರವಲ್ಲ, ಐದು ಸಂಕೇತ: ಕ, ನ, ಒಂದು ಹಲಂತ (ಅಕ್ಷರದ ಸ್ವರ ತೆಗೆಯುವ ಗುರುತು), ಮತ್ತೊಂದು ನ, ಡ. ಅವನ್ನು ಜೋಡಿಸಿ ಒತ್ತಕ್ಷರ ಮಾಡುವುದು ಬೇರೆಯೇ ಕೆಲಸ. ಬ್ರೌಸರಿಗೆ ಅದು ಬರುತ್ತದೆ. ನಾವು ಗ್ರಾಫ್ ಬರೆಯಲು ಬಳಸಿದ ಮ್ಯಾಟ್‌ಪ್ಲಾಟ್‌ಲಿಬ್ ಆವೃತ್ತಿಗೆ ಬರುತ್ತಿರಲಿಲ್ಲ. ನಮ್ಮ ಟೂಲ್ ಉತ್ತರದ ಅಕ್ಷರಗಳನ್ನು ಹೋಲಿಸುತ್ತದೆ, ಚಿತ್ರದೊಳಗೆ ಏನಿದೆ ಎಂದು ನೋಡುವುದಿಲ್ಲ. ಹಾಗಾಗಿ ಅದಕ್ಕೆ ಎಲ್ಲ ಹಸಿರು.

ಅವರ ಎದುರಿಗೇ ಕೂತು ತಲೆಬರಹವನ್ನು ಚಿತ್ರದಿಂದ ತೆಗೆದು, ಅದರ ಮೇಲೆ ಪುಟದಲ್ಲೇ ಸಾದಾ ಬರಹವಾಗಿ ಇಟ್ಟೆ. ಮತ್ತೆ ಕಟ್ಟಲು ಬಿಟ್ಟು ಚಹಾ ಕುಡಿದೆವು. ಅವರು ಇನ್ನೊಮ್ಮೆ ಓದಿದರು, ಜೋರಾಗಿ, ಮಗಳಿಗೂ ಕೇಳುವ ಹಾಗೆ: ‘ಸಾಂತಾಕ್ರೂಜ್ ಮಳೆ.’ ಆಮೇಲೆ ಗ್ರಾಫಿನ ಅಡ್ಡಗೆರೆಯ ಕೆಳಗಿನ ದಿನಾಂಕಗಳತ್ತ ಬೆರಳಿಟ್ಟರು. ಅಲ್ಲಿ ‘ಆಗಸ್ಟ್’ ಇನ್ನೂ ಒಡೆದೇ ಇತ್ತು.