ಬಾತು ಆರಾಮಾಗಿದ್ದರೂ ಯಾಕೆ ಕೊಲ್ಲುತ್ತಾರೆ?

ಪ್ರಶ್ನೆ: ನಮ್ಮಲ್ಲಿ ಹತ್ತು ಊರ ಕೋಳಿ, ನಾಲ್ಕು ಬಾತು ಇವೆ. ಹಕ್ಕಿಜ್ವರ ಬಂದರೆ ಕೋಳಿ ಸಾಯುತ್ತದೆ, ಬಾತಿಗೆ ಏನೂ ಆಗುವುದಿಲ್ಲ ಅಂತಾರೆ. ಹಾಗಾದರೆ ಬಾತನ್ನೂ ಯಾಕೆ ಕೊಲ್ಲುವುದು?
– ಬದಿಯಡ್ಕದ ಓದುಗರು

ಉತ್ತರ: ಏನೂ ಆಗದೆ ಓಡಾಡಿಕೊಂಡಿರುತ್ತದಲ್ಲ, ತೊಂದರೆ ಇರುವುದೇ ಅಲ್ಲಿ.

ಮಲಯಾಳ ಚಾನೆಲ್‌ಗಳಲ್ಲಿ 'ಪಕ್ಷಿಪ್ಪನಿ' ಅಂತ ಓಡುತ್ತಲ್ಲ, ಆ ವೈರಸ್ಸಿಗೆ ಕಾಡು ಬಾತುಗಳೇ ಹಳೆಯ ಮನೆ. ಅವುಗಳ ಕರುಳಲ್ಲಿ ಸುಮ್ನೆ ಬೆಳೆಯುತ್ತದೆ, ಹಿಕ್ಕೆಯಲ್ಲಿ ಹೊರಬೀಳುತ್ತದೆ, ಕೆರೆ ನೀರು ಸೇರುತ್ತದೆ. ಆ ನೀರು ಕುಡಿದ ಇನ್ನೊಂದು ಹಕ್ಕಿಗೆ ಹತ್ತುತ್ತದೆ. ನೀರು ತಣ್ಣಗಿದ್ದಷ್ಟೂ ವೈರಸ್ ಜಾಸ್ತಿ ದಿನ ಉಳಿಯುತ್ತದೆ.

ಕೋಳಿಯ ಕತೆ ಬೇರೆ. ವೈರಸ್ ಜೀವಕೋಶದ ಒಳಗೆ ನುಗ್ಗಬೇಕಾದರೆ ಅದರ ಮೈಮೇಲಿನ ಒಂದು ಪ್ರೋಟೀನು ಕತ್ತರಿಸಲ್ಪಡಬೇಕು. ಆ ಕತ್ತರಿ ಇರುವುದು ಕೋಳಿಯ ಮೈಯಲ್ಲೇ. ಸಾಧು ತಳಿಯ ವೈರಸ್ಸಿಗೆ ಹೊಂದುವ ಕತ್ತರಿ ಉಸಿರ್ನಾಳ, ಕರುಳಲ್ಲಿ ಮಾತ್ರ ಸಿಗುತ್ತದೆ. ಹಾಗಾಗಿ ಸ್ವಲ್ಪ ಶೀತ, ಮೊಟ್ಟೆ ಕಡಿಮೆ, ಅಷ್ಟೇ. ಆದರೆ ಎಚ್5, ಎಚ್7 ಗುಂಪಿನ ಕೆಲವು ತಳಿಗಳಲ್ಲಿ ಆ ಪ್ರೋಟೀನು ಬದಲಾಗಿರುತ್ತದೆ. ಅದನ್ನು ಫ್ಯೂರಿನ್ ಅನ್ನುವ ಕತ್ತರಿಯೂ ಕತ್ತರಿಸುತ್ತದೆ. ಫ್ಯೂರಿನ್ ಇಲ್ಲದ ಅಂಗವೇ ಇಲ್ಲ! ಮಿದುಳು, ಹೃದಯ, ಎಲ್ಲ ಕಡೆ ವೈರಸ್ ಹಬ್ಬುತ್ತದೆ. ಜುಟ್ಟು ನೀಲಿಗಟ್ಟುತ್ತದೆ, ಕಾಲಿನಲ್ಲಿ ರಕ್ತದ ಕಲೆ ಏಳುತ್ತದೆ. ಎಷ್ಟೋ ಸಲ ಇದೊಂದೂ ಕಾಣುವುದಿಲ್ಲ. ರಾತ್ರಿ ಗೂಡು ಹತ್ತಿದ ಕೋಳಿ ಬೆಳಗ್ಗೆ ಕೆಳಗೆ ಬಿದ್ದಿರುತ್ತದೆ, ಅಷ್ಟೇ.

ಅದೇ ತಳಿ ಬಾತಿಗೆ ಬಂದರೆ? ವೈರಸ್ ಒಳಬಂದ ಕೂಡಲೇ ಬೊಬ್ಬೆ ಹಾಕುವ ರಿಗ್-ಐ ಅನ್ನುವ ಕಾವಲು ಜೀನು ಬಾತಿನಲ್ಲಿದೆ, ಕೋಳಿಯಲ್ಲಿ ಇಲ್ಲ. ಇದು 2010ರಲ್ಲಿ ಗೊತ್ತಾಯಿತು. ಬಾತು ತಡೆದುಕೊಳ್ಳುವುದಕ್ಕೆ ಇದೂ ಒಂದು ಕಾರಣ. ಹಾಗಂತ ಪೂರ್ತಿ ನಂಬಬೇಡಿ. 2014ರಲ್ಲಿ ಕೇರಳದ ಕುಟ್ಟನಾಡಿನ ಗದ್ದೆಗಳಲ್ಲಿ ಸಾವಿರಗಟ್ಟಲೆ ಬಾತುಗಳೇ ಸತ್ತವು. ತಳಿ ಯಾವುದು ಅನ್ನುವುದರ ಮೇಲಿದೆ.

ಸಾಯದ ಬಾತು ದಿನಗಟ್ಟಲೆ ವೈರಸ್ ಹಂಚುತ್ತಾ ತಿರುಗುತ್ತದೆ. ನೋಡಿದರೆ ಗೊತ್ತಾಗುವುದಿಲ್ಲ. ಅದಕ್ಕೇ ಭೋಪಾಲದ ಲ್ಯಾಬಿನಿಂದ ರೋಗ ಖಚಿತವಾದರೆ ಸುತ್ತ 1 ಕಿಲೋಮೀಟರಿನೊಳಗೆ ಸಾಕಿದ ಕೋಳಿ, ಬಾತು ಯಾವುದನ್ನೂ ಬಿಡುವುದಿಲ್ಲ. ಸಾಕಿದವರಿಗೆ ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಬಾತನ್ನು ಬಿಟ್ಟು ಕೋಳಿಯನ್ನಷ್ಟೇ ಕೊಂದರೆ ಆ ಕೋಳಿಗಳೂ ದಂಡಕ್ಕೆ ಸತ್ತಂತೆ.

ಸದ್ಯಕ್ಕೆ ನೀವು ಮಾಡಬಹುದಾದ್ದು: ಬಾತು ಮಿಂದ ನೀರನ್ನು ಕೋಳಿ ಕುಡಿಯದಂತೆ ನೋಡಿಕೊಳ್ಳಿ. ತೋಟದ ಕೆರೆಗೆ ಕೊಕ್ಕರೆ, ಕಾಡು ಬಾತು ಇಳಿಯುತ್ತವೆ ಅಂತಾದರೆ ನಿಮ್ಮ ಬಾತುಗಳನ್ನು ಅಲ್ಲಿಗೆ ಬಿಡಬೇಡಿ. ಒಂದೆರಡು ಕೋಳಿ ಒಟ್ಟೊಟ್ಟಿಗೆ ಸತ್ತರೆ ಬರಿಗೈಯಲ್ಲಿ ಎತ್ತಿ ಗುಡ್ಡೆಗೆ ಎಸೆಯದೆ ಮೃಗಾಸ್ಪತ್ರೆಗೆ ಫೋನ್ ಮಾಡಿ.